ಸಹಾಯ ಬೇಕು: ಗಂಡಸರ, ಹೆಂಗಸರ ಸಂಬಳದ ಅಂತರದ ಲೆಕ್ಕ

ನಮಸ್ಕಾರ. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಸಂಬಳದ ಲೆಕ್ಕ ನೋಡುತ್ತೇನೆ. ನಮ್ಮಿಂದ ಮಾಲು ಕೊಳ್ಳುವ ಕಂಪನಿ ಈ ಅಂತರದ ವರದಿ ಕೇಳಿದೆ.

ಸರಾಸರಿ ತೆಗೆದರೆ ಇಬ್ಬರು ಮ್ಯಾನೇಜರ್‌ಗಳ ಸಂಬಳವೇ ಲೆಕ್ಕ ಕೆಡಿಸುತ್ತದೆ. ಅದಕ್ಕೇ ಗಂಡಸರ ಸಂಬಳ, ಹೆಂಗಸರ ಸಂಬಳ ಬೇರೆ ಬೇರೆಯಾಗಿ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿ, ಎರಡರಲ್ಲೂ ನಡುವಿನದನ್ನು, ಅಂದರೆ ಮೀಡಿಯನ್ ಹಿಡಿದೆ. ಗಂಡಸರದ್ದರಲ್ಲಿ ಹೆಂಗಸರದ್ದು ಕಳೆದು, ಗಂಡಸರದ್ದರಿಂದ ಭಾಗಿಸಿ, 100ರಿಂದ ಗುಣಿಸುವುದು. ಸರಿ ಅಲ್ವಾ?

ತೊಡಕಿರುವುದು ಓಟಿಯಲ್ಲಿ, ಅಂದರೆ ಪಾಳಿ ಮುಗಿದ ಮೇಲೆ ಮಾಡುವ ಹೆಚ್ಚುವರಿ ಕೆಲಸದ ದುಡ್ಡಿನಲ್ಲಿ. ಕೋರ್ ಶಾಪಿನ ಹೆಂಗಸರು ದಿನವಿಡೀ ಮರಳಿನ ಕೋರ್ (ಎರಕದೊಳಗೆ ಟೊಳ್ಳು ಬರಲು ಇಡುವ ಮರಳಿನ ಅಚ್ಚು) ಉಜ್ಜುತ್ತಾರೆ, ಬೆರಳ ತುದಿಯೆಲ್ಲ ಸವೆದಿದೆ. ಸಂಜೆಯಾದರೆ ಭದ್ರಾವತಿ ಬಸ್ಸಿಗೆ ಓಡಬೇಕು. ಓಟಿ ಪೂರಾ ಗಂಡಸರಿಗೇ. ಅದನ್ನು ಸೇರಿಸಿದರೆ ಅಂತರ ಜಾಸ್ತಿ, ಬಿಟ್ಟರೆ ಕಮ್ಮಿ. ಸುಮ್ನೆ ಚೆಂದ ಕಾಣುವ ಅಂಕಿ ಕಳಿಸಲು ನನಗೆ ಮನಸ್ಸಿಲ್ಲ.

ಗಂಟೆಯ ಸಂಬಳ ಒಂದು, ಓಟಿ ಸೇರಿದ್ದು ಒಂದು, ಎರಡೂ ತೋರಿಸಬಹುದಾ? ಗುತ್ತಿಗೆಯವರನ್ನು ಬೇರೆ ಇಡಬೇಕಾ? ಇಂಥ ವರದಿ ಮಾಡಿದವರು ದಯವಿಟ್ಟು ತಿಳಿಸಿ.