ಡಾಕ್ಟರ್ ಮೇಡಂ ಅವರನ್ನು ಕೇಳಿ: ಕೆಲಸದ ಜಾಗದ ಕೆಮಿಕಲ್ಲು, ಹೆಣ್ಣುಮಕ್ಕಳ ಆರೋಗ್ಯ (ದಾವಣಗೆರೆ ಗುಂಪು)

ಹರಿಹರದ ಸದಸ್ಯೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಕಲೆ ತೆಗೆಯುವ ಕೆಲಸ ಮಾಡುತ್ತೇನೆ. ಗನ್‌ನಿಂದ ಕೆಮಿಕಲ್ ಹೊಡೆಯುತ್ತೇವೆ. ಮಧ್ಯಾಹ್ನಕ್ಕೆ ತಲೆ ಸುತ್ತುತ್ತದೆ. ಭಾನುವಾರ ಏನೂ ಇರುವುದಿಲ್ಲ. ಬೆಲ್ಲ ತಿಂದರೆ ಹೋಗುತ್ತಾ?

ಡಾಕ್ಟರ್: ಬೆಲ್ಲದಿಂದ ಹೋಗಲ್ಲಮ್ಮ. ರಜೆಯಲ್ಲಿ ಇಲ್ಲ ಅಂದರೆ ಆ ಕೋಣೆಯ ಆವಿಯ ಮೇಲೇ ನನಗೆ ಅನುಮಾನ. ಡಬ್ಬಿ ಮೇಲಿನ ಹೆಸರು ಬರೆದುಕೊಂಡು ಇಎಸ್ಐ ಡಾಕ್ಟರಿಗೆ ತೋರಿಸಿ. ಗಾಳಿ ಹೊರಗೆ ಎಳೆಯುವ ಫ್ಯಾನ್ ಹಾಕಿಸಲು ಕೇಳಿ. ಬಟ್ಟೆ ಮಾಸ್ಕ್ ಆವಿಯನ್ನು ತಡೆಯಲ್ಲ.

ಜಗಳೂರು ಕಡೆಯ ಸದಸ್ಯೆ: ನಮ್ಮ ಅತ್ತಿಗೆಗೆ ಐದು ತಿಂಗಳು. ಹೊಲಕ್ಕೆ ಹೋಗಲ್ಲ, ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯಲ್ಲ. ಆದರೂ ಕೆಲವು ದಿನ ಬಾಯಲ್ಲಿ ನೀರು ಸುರಿಯುತ್ತೆ, ಬೆವರುತ್ತಾರೆ, ಕಣ್ಣು ಮಂಜಾಗುತ್ತೆ. ಬಸುರಿ ಸಂಕಟ ಅಂತ ಎಲ್ಲರೂ ಸುಮ್ನಿದ್ದೇವೆ.

ಡಾಕ್ಟರ್: ಆ ಕೆಲವು ದಿನ ಅಂದರೆ ಯಾವ ದಿನ?

ಜಗಳೂರು ಕಡೆಯ ಸದಸ್ಯೆ: ಅಣ್ಣ ಮೆಕ್ಕೆಜೋಳದ ಹುಳಕ್ಕೆ ಹೊಡೆದು ಬಂದ ಮಾರನೇ ದಿನ. ಅವನ ಅಂಗಿ, ಲುಂಗಿ ಅತ್ತಿಗೆಯೇ ಕಲ್ಲಿನ ಮೇಲೆ ಒಗೆಯುತ್ತಾರೆ. ಹೊಡೆಯುವ ದಿನ ಡ್ರಮ್‌ನಲ್ಲಿ ಕೋಲು ಆಡಿಸಿ ಕಲಸಿಕೊಡುವವರೂ ಅವರೇ.

ಡಾಕ್ಟರ್: ಅದನ್ನೇ ಕೇಳಬೇಕಿತ್ತು. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಬಟ್ಟೆ ನೆನೆದು, ಬರಿಗೈಯಲ್ಲಿ ಉಜ್ಜಿದಾಗ ಇನ್ನೂ ಜಾಸ್ತಿ. ನೀವು ಹೇಳಿದ ಜೊಲ್ಲು, ಬೆವರು, ಮಂಜು, ಮೂರೂ ಅದರ ಗುರುತೇ. ರಕ್ತದಲ್ಲಿ ಕೋಲಿನೆಸ್ಟರೇಸ್ (ಈ ವಿಷ ತಗುಲಿದರೆ ಕಡಿಮೆಯಾಗುವ ಅಂಶ) ಪರೀಕ್ಷೆ ಮಾಡಿಸಬೇಕು. ಬಸಿರಿನಲ್ಲಿ ಆ ಅಂಕಿ ಸ್ವಲ್ಪ ಕಡಿಮೆ ಬರಬಹುದು, ಬಸುರಿ ಅಂತ ಲ್ಯಾಬಿನಲ್ಲಿ ಹೇಳಿ. ಬಿಪಿ ಕೂಡ ನೋಡಿಸಿ, ಬಿಪಿ ಏರಿದರೂ ಕಣ್ಣು ಮಂಜಾಗುತ್ತೆ. ಇನ್ನು ಮೇಲೆ ಆ ಬಟ್ಟೆಯನ್ನು ಅತ್ತಿಗೆ ಮುಟ್ಟಬಾರದು. ಹೊಡೆದವರೇ ರಬ್ಬರ್ ಗ್ಲೌಸ್ ಹಾಕಿಕೊಂಡು ಬೇರೆ ಬಕೆಟ್‌ನಲ್ಲಿ ಒಗೆಯಲಿ. ಮಕ್ಕಳ ಬಟ್ಟೆ ಜೊತೆ ಬೇಡ. ಬಾಟಲಿ ಫೋಟೋ ಹಾಕಿ.

ಮಾಯಕೊಂಡದ ಸದಸ್ಯ: ನಮ್ಮವ್ವ ಮೂವತ್ತು ವರ್ಷ ಒಗೆದಳು, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಚನ್ನಗಿರಿಯ ಸದಸ್ಯೆ: ನಿಮ್ಮವ್ವನಿಗೆ ಕೈ ಉರಿಯುತ್ತಾ ಅಂತ ಒಂದಿನ ಕೇಳಿದ್ದೀರಾ ಅಣ್ಣ?

ಮಾಯಕೊಂಡದ ಸದಸ್ಯ: ಮನೆ ವಿಷಯಕ್ಕೆ ಬರಬೇಡಿ.

ಚನ್ನಗಿರಿಯ ಸದಸ್ಯೆ: ಅವ್ವನ ಮಾತು ತೆಗೆದವರು ನೀವು. ನಿಮ್ಮ ಲುಂಗಿ ನೀವೇ ಒಗೆಯಿರಿ, ಆಮೇಲೆ ಮಾತಾಡೋಣ.

ಮಂಡಕ್ಕಿ ಭಟ್ಟಿಯ ಸದಸ್ಯೆ: ಮೇಡಂ, ಭಟ್ಟಿ ಹೊಗೆಗೆ ಎರಡು ವರ್ಷದಿಂದ ಕೆಮ್ಮು. ಯಾರಿಗೆ ತೋರಿಸಲಿ?

ಮತ್ತೊಬ್ಬ ಸದಸ್ಯ: ಫಾರ್ವರ್ಡ್: ವಿಷ ಒಳಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಎಲ್ಲರಿಗೂ ಕಳುಹಿಸಿ.

ಡಾಕ್ಟರ್: ದಯವಿಟ್ಟು ಅಳಿಸಿ. ಎಷ್ಟೋ ಕೀಟನಾಶಕಗಳನ್ನು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿರುತ್ತಾರೆ. ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪುನೀರೇ ಜೀವ ತೆಗೆಯಬಹುದು. ಬಟ್ಟೆ ಬಿಚ್ಚಿ, ಮೈಗೆ ನೀರು, ಸೋಪು, 108. ಅಷ್ಟೇ.

ಮತ್ತೊಬ್ಬ ಸದಸ್ಯ: ಹಾಲು ಕುಡಿಸಬಹುದಾ?

ಡಾಕ್ಟರ್: ಇಲ್ಲ.

ಆಸ್ಪತ್ರೆ ಸ್ವಚ್ಛತೆ ಕೆಲಸದ ಸದಸ್ಯೆ: ಟಾಯ್ಲೆಟ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ ಮೇಲೆ ಆಸಿಡ್ ಸುರಿಯುತ್ತೇವೆ. ಉಸಿರು ಕಟ್ಟುತ್ತೆ. ಹಾಲು ಕುಡಿಯಲಾ?

ಡಾಕ್ಟರ್: ಹಾಲಿನ ಮಾತು ಮುಗಿಯಿತಲ್ಲ! ಎರಡನ್ನೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಉಸಿರು ಕಟ್ಟಿದರೆ ತಕ್ಷಣ ಹೊರಗೆ ಬನ್ನಿ.

ಜಗಳೂರು ಕಡೆಯ ಸದಸ್ಯೆ: ಫೋಟೋ ಹಾಕಿದ್ದೇನೆ. ಕೆಂಪು ತ್ರಿಕೋನ ಇದೆ. ಅತ್ತಿಗೆ ಬೆಳಿಗ್ಗೆಯಿಂದ ಬೆವರುತ್ತಿದ್ದಾರೆ. ಅಣ್ಣ ಸಂಜೆ ಹೋಗೋಣ ಅಂತಾನೆ.

ಡಾಕ್ಟರ್: ಸಂಜೆ ಬೇಡ. ಕೆಂಪು ಅಂದರೆ ಎಲ್ಲಕ್ಕಿಂತ ತೀಕ್ಷ್ಣವಾದ ವಿಷ. ಈಗಲೇ 108ಕ್ಕೆ ಫೋನ್ ಮಾಡಿ. ಬಾಟಲಿ ಜೊತೆಗೇ ಒಯ್ಯಿರಿ, ಅದನ್ನು ನೋಡಿದರೆ ಚಿಕಿತ್ಸೆ ಬೇಗ ಶುರುವಾಗುತ್ತೆ. ಹೊರಟ ಮೇಲೆ ಇಲ್ಲಿ ಬರೆಯಿರಿ.

ಮಾಯಕೊಂಡದ ಸದಸ್ಯ: ಕೆಂಪು ಇದ್ದರೆ ಅಂಗಡಿಯವರು ಯಾಕೆ ಮಾರುತ್ತಾರೆ ಮತ್ತೆ?

ಚನ್ನಗಿರಿಯ ಸದಸ್ಯೆ: ಅದನ್ನು ಅಂಗಡಿಯಲ್ಲಿ ಕೇಳಿ. ಇಲ್ಲಿ ಒಬ್ಬ ಬಸುರಿ ಬೆವರುತ್ತಿದ್ದಾಳೆ.

ಜಗಳೂರು ಕಡೆಯ ಸದಸ್ಯೆ: ಗಾಡಿ ಬಂತು. ಹೊರಟೆವು.

ಮಂಡಕ್ಕಿ ಭಟ್ಟಿಯ ಸದಸ್ಯೆ: ಮೇಡಂ, ನನ್ನದು?