ಅಪ್‌ಡೇಟ್: ಕಾರವಾರದ ನಮ್ಮ ಬ್ರಿಜ್ ಟೇಬಲ್‌ಗಳಿಗೆ ಬ್ರಿಜ್‌ಮೇಟ್ ಬಂತು

ನಮ್ಮ ಬ್ರಿಜ್ (ಇಸ್ಪೀಟು) ಆಟಕ್ಕೆ ಸ್ಕೋರ್ ಚೀಟಿ ಬಿಟ್ಟು ಬ್ರಿಜ್‌ಮೇಟ್ (ಟೇಬಲ್ ಮೇಲೆಯೇ ಸ್ಕೋರ್ ಒತ್ತುವ ಪುಟ್ಟ ಯಂತ್ರ) ತರಬಹುದಾ, ವಯಸ್ಸಾದವರಿಗೆ ಕಷ್ಟವಾಗುತ್ತಾ ಎಂದು ಹೋದ ತಿಂಗಳು ಕೇಳಿದ್ದೆ. ತಂದೆವು. ಮೂರು ಭಾನುವಾರ ಆಡಿದ್ದೂ ಆಯ್ತು.

ಎಡವಿದ್ದು ಹಿರಿಯರಲ್ಲ, ನಾನೇ! ಟೇಬಲ್‌ನಲ್ಲಿ ನಾಲ್ವರು: ನಾರ್ತ್-ಸೌತ್ ಒಂದು ಜೋಡಿ, ಈಸ್ಟ್-ವೆಸ್ಟ್ ಇನ್ನೊಂದು. ನಾನು ನಾರ್ತ್‌ನಲ್ಲಿ ಕೂತಿದ್ದೆ, ಸ್ಕೋರ್ ಒತ್ತುವ ಕೆಲಸ ನನ್ನದು. ನಾಲ್ಕು ಸ್ಪೇಡ್ (ಸ್ಪೇಡ್ ತುರುಪಿನಲ್ಲಿ ಹತ್ತು ಟ್ರಿಕ್, ಅಂದರೆ ಹತ್ತು ಸುತ್ತು, ಗೆಲ್ಲುವ ಪಣ) ಆಡಿ ಗೆದ್ದದ್ದು ಈಸ್ಟ್. ನಾನು ಒತ್ತಿದ್ದು ಸೌತ್. ಈಸ್ಟ್‌ನವರು ಚಹಾ ಕುಡಿಯುತ್ತಾ ಪರದೆ ನೋಡದೆಯೇ ಓಕೆ ಕೊಟ್ಟರು. ಅವರ 420 ಅಂಕ ನಮಗೆ ಬಂತು! ಕೊನೆಗೆ ಆಟ ನಡೆಸುವ ಡೈರೆಕ್ಟರ್ ಕಂಪ್ಯೂಟರ್‌ನಲ್ಲಿ ತಿದ್ದಿದರು.

ಈಗ ಬೋರ್ಡ್ (ಹಂಚಿಟ್ಟ ಎಲೆಗಳ ಒಂದು ಸೆಟ್) ನಂಬರ್, ಆಡಿದವರು ಯಾರು, ಎಷ್ಟು ಟ್ರಿಕ್ ಎಂದು ಓದಿಯೇ ಒಪ್ಪಬೇಕು. ಜೋರಾಗಿ ಅಲ್ಲ ಮತ್ತೆ, ಅದೇ ಬೋರ್ಡ್ ಪಕ್ಕದ ಟೇಬಲ್‌ಗೂ ಬರುತ್ತೆ ಅಲ್ವಾ?

ಆಟ ಮುಗಿದ ಕೂಡಲೇ ಫಲಿತಾಂಶ ಸಿಗುತ್ತಿದೆ. ಆದರೂ ನಮ್ಮೂರ ಮಳೆಗಾಲದ ಕರೆಂಟ್ ನಂಬುವಂತಿಲ್ಲ. ಚೀಟಿಯ ಕಟ್ಟು ಕಪಾಟಿನಲ್ಲೇ ಇದೆ.