ಕ್ಯೂಎಮುನಲ್ಲಿ ಕರ್ನಲ್ ಪದೇಪದೇ ರೀಬೂಟ್ ಆಗ್ತಿದೆ, ಕೀಬೋರ್ಡ್ ಕೋಡ್ ಸೇರಿಸಿದ ಮೇಲೆ ಶುರು

ಹೊಸಬೂಟು:
ಮೂರು ರಾತ್ರಿ ಇದರಲ್ಲೇ ಹೋಯ್ತು. ನಾನೇ ಬರೀತಿರೋ 32 ಬಿಟ್‌ನ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಸಿ ಮತ್ತು ಅಸೆಂಬ್ಲಿ. ಓಡಿಸ್ತಿರೋದು ಕ್ಯೂಎಮುನಲ್ಲಿ, ಅಂದ್ರೆ ಸಾಫ್ಟ್‌ವೇರ್ ರೂಪದ ಪಿಸಿಯಲ್ಲಿ. ಸ್ಕ್ರೀನ್ ಮೇಲೆ ಅಕ್ಷರ ಬರ್ತಿತ್ತು, ಟೈಮರ್ ಓಡ್ತಿತ್ತು. ಕೀಬೋರ್ಡ್ ಫೈಲ್ ಸೇರಿಸಿದೆ ನೋಡಿ, ಇಂಟರಪ್ಟ್‌ಗಳನ್ನ (ಸಾಧನಗಳು ಸಿಪಿಯುಗೆ ಕಳಿಸೋ ಕರೆ) ಶುರುಮಾಡೋ ಎಸ್‌ಟಿಐ ಸಾಲು ದಾಟಿದ್ದೇ ತಡ, ಅರೆಕ್ಷಣ ನಿಂತು ರೀಬೂಟ್. ಕೀ ಒತ್ತೋದೇ ಬೇಡ, ಆ ಕೋಡ್ ಇದ್ರೆ ಸಾಕು, ಬೀಳುತ್ತೆ. ಕಾಮೆಂಟ್ ಮಾಡಿದ್ರೆ ಮತ್ತೆ ಸರಿ. ಓದಿ ಓದಿ ಕಣ್ಣು ಸೋತಿದೆ, ತಪ್ಪು ಕಾಣ್ತಿಲ್ಲ. ದಯವಿಟ್ಟು ಯಾರಾದ್ರೂ ದಾರಿ ತೋರಿಸಿ.

ರಿಂಗ್‌ಸೊನ್ನೆ:
ಪಿಐಸಿ (ಇಂಟರಪ್ಟ್‌ಗಳನ್ನ ಸಿಪಿಯುಗೆ ದಾಟಿಸೋ ಚಿಪ್) ರೀಮ್ಯಾಪ್ ಮಾಡಿಲ್ಲ ನೀವು, ಅಂದ್ರೆ ಅದರ ಇಂಟರಪ್ಟ್ ಸಂಖ್ಯೆ ಬದಲಿಸಿಲ್ಲ. ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಂ) ಬಿಟ್ಟುಹೋದ ಸ್ಥಿತಿಯಲ್ಲಿ ಟೈಮರ್ 8ನೇ ವೆಕ್ಟರ್‌ಗೆ (ಇಂಟರಪ್ಟ್ ಸಂಖ್ಯೆಗೆ) ಬರುತ್ತೆ, ಕೀಬೋರ್ಡ್ 9ಕ್ಕೆ. ಪ್ರೊಟೆಕ್ಟೆಡ್ ಮೋಡ್‌ನಲ್ಲಿ 8 ಅಂದ್ರೆ ಡಬಲ್ ಫಾಲ್ಟ್, ಒಂದು ದೋಷ ನಿಭಾಯಿಸುವಾಗ ಬರೋ ಇನ್ನೊಂದು ದೋಷ. ಎರಡೂ ಪಿಐಸಿಗಳನ್ನ 32 ಮತ್ತು 40ಕ್ಕೆ ಸರಿಸಿ.

ಹೊಸಬೂಟು:
ಮಾಡಿದೀನಿ ಸರ್. ಟೈಮರ್ ಓಡ್ತಿತ್ತು ಅಂತ ಹೇಳಿದೆನಲ್ಲ.

ರಿಂಗ್‌ಸೊನ್ನೆ:
ಹಾಗಾದ್ರೆ ಮಾಸ್ಕ್ (ಯಾವ ಇಂಟರಪ್ಟ್ ತಡೆದಿದೆ ಅನ್ನೋದು) ನೋಡಿ. ಇಒಐ (ಇಂಟರಪ್ಟ್ ಮುಗೀತು ಅನ್ನೋ ಸಂಕೇತ) ಕಳಿಸ್ತಿದೀರಾ? ಕೀಬೋರ್ಡ್‌ನ ಹೆಕ್ಸ್ 60ನೇ ಪೋರ್ಟ್ ಓದ್ತಿದೀರಾ? ಕೀಬೋರ್ಡ್ ಸೇರಿಸಿದ ಮೇಲೆ ಬಂದಿರೋ ತೊಂದರೆ, ಪಿಐಸಿ ಬಿಟ್ಟು ಬೇರೆಲ್ಲೂ ಇರಲ್ಲ.

ಗ್ರಬ್‌ದಾರಿ:
ಯಾವ ಕಂಪೈಲರ್? ಲಿನಕ್ಸ್ ಜೊತೆ ಬಂದ ಜಿಸಿಸಿನೇ ಆದ್ರೆ ಮೊದಲು ಐ686-ಎಲ್ಫ್ ಕ್ರಾಸ್ ಕಂಪೈಲರ್ (ಲಿನಕ್ಸ್‌ಗಲ್ಲ, ಬರೀ ಯಂತ್ರಕ್ಕೇ ಕೋಡ್ ಮಾಡೋದು) ಕಟ್ಟಿಕೊಳ್ಳಿ. ಉಳಿದ ಮಾತು ಆಮೇಲೆ.

ರಿಂಗ್‌ಸೊನ್ನೆ:
ಎಂ32, ಫ್ರೀಸ್ಟ್ಯಾಂಡಿಂಗ್, ನೋ-ಪಿಐಇ ಫ್ಲ್ಯಾಗ್ ಕೊಟ್ರೆ ಇರೋ ಜಿಸಿಸಿನೇ ಸಾಕು. ಹೊಸಬರನ್ನ ಅರ್ಧ ದಿನ ಕಂಪೈಲರ್ ಕಟ್ಟೋಕೆ ಕೂರಿಸಬೇಡಿ.

ಗ್ರಬ್‌ದಾರಿ:
ಇವತ್ತು ಸಾಕು. ನಾಳೆ ಡಿಸ್ಟ್ರೋದವರು ಡೀಫಾಲ್ಟ್ ಫ್ಲ್ಯಾಗ್ ಒಂದನ್ನ ಬದಲಾಯಿಸಿದ್ರೆ ಇದೇ ಪ್ರಶ್ನೆ ಹೊತ್ತು ಇಲ್ಲಿಗೇ ಬರ್ತಾರೆ.

ಹಳೇಸೀರಿಯಲ್:
ಊಹೆ ಸಾಕು, ಲಾಗ್ ತೆಗೀರಿ. ಕ್ಯೂಎಮುಗೆ "-ಡಿ ಇಂಟ್,ಸಿಪಿಯು_ರೀಸೆಟ್" ಕೊಡಿ, ಜೊತೆಗೆ "-ನೋ-ರೀಬೂಟ್". ಕೆವಿಎಂ (ನಿಜವಾದ ಸಿಪಿಯುನಲ್ಲೇ ಓಡಿಸೋ ಸೌಲಭ್ಯ) ಆನ್ ಇದ್ರೆ ಆಫ್ ಮಾಡಿ, ಇಲ್ಲದಿದ್ರೆ ಇಂಟರಪ್ಟ್‌ಗಳು ಈ ಲಾಗ್‌ಗೆ ಬರಲ್ಲ.

ಹೊಸಬೂಟು:
ತೆಗೆದೆ. ಮೊದಲು ವಿ=20 (ವಿ ಅಂದ್ರೆ ವೆಕ್ಟರ್), ಒಂದೇ ಸಲ. ಆಮೇಲೆ ವಿ=06, ಇಐಪಿ (ಓಡ್ತಿರೋ ಸೂಚನೆಯ ವಿಳಾಸ)=00000003. ಇದೇ ಸಾಲು ಸಾವಿರಾರು ಸಲ, ಇಎಸ್‌ಪಿ (ಸ್ಟ್ಯಾಕ್‌ನ ತುದಿಯ ವಿಳಾಸ) ಮಾತ್ರ ಪ್ರತಿ ಸಲ ಇಷ್ಟಿಷ್ಟೇ ಕೆಳಗಿಳೀತಿದೆ. ಕೊನೆಗೆ ಟ್ರಿಪಲ್ ಫಾಲ್ಟ್, ಅಂದ್ರೆ ಸಿಪಿಯು ಸೋತು ರೀಸೆಟ್.

ರಿಂಗ್‌ಸೊನ್ನೆ:
06 ಅಂದ್ರೆ ಇನ್‌ವ್ಯಾಲಿಡ್ ಆಪ್‌ಕೋಡ್, ಸಿಪಿಯು ಒಪ್ಪದ ಸೂಚನೆ. ಪಿಐಸಿಯ ಐಸಿಡಬ್ಲ್ಯೂ (ಅದನ್ನ ಸಜ್ಜುಮಾಡೋ ಆದೇಶಗಳು) ಬರೆಯೋ ಕ್ರಮ ಒಮ್ಮೆ ಹಾಕಿ, ನೋಡೋಣ.

ಹಳೇಸೀರಿಯಲ್:
ಪಿಐಸಿ ಬಿಡಿ ಇನ್ನು. ಲಾಗ್‌ನಲ್ಲಿರೋ 20 ಹೆಕ್ಸ್, ಅಂದ್ರೆ 32. ಟೈಮರ್ ಬರಬೇಕಾದ ಜಾಗಕ್ಕೇ ಬಂದಿದೆ, ರೀಮ್ಯಾಪ್ ಸರಿಯಾಗೇ ಇದೆ.

ಆ 3 ನೋಡಿ, ಎಲ್ಲ ಇರೋದು ಅಲ್ಲಿ. ವಿಳಾಸ 0ಯಲ್ಲಿ ಬಯೋಸ್‌ನ ಹಳೆಯ ಇಂಟರಪ್ಟ್ ಪಟ್ಟಿ ಇನ್ನೂ ಕೂತಿರುತ್ತೆ. ಕ್ಯೂಎಮುನ ಸೀಬಯೋಸ್‌ನಲ್ಲಿ ಅದರ ಮೊದಲ ಬೈಟ್‌ಗಳು 53 ಎಫ್‌ಎಫ್ 00 ಎಫ್0 53. ಅದನ್ನೇ ಕೋಡ್ ಅಂತ ಓಡಿಸಿದ್ರೆ 53 ಒಂದು ಪುಶ್, ಎಫ್‌ಎಫ್ 00 ಒಂದು ಇಂಕ್ರಿಮೆಂಟ್, ಆಮೇಲೆ ಎಫ್0 53, ಅಂದ್ರೆ ಲಾಕ್ ಹಚ್ಚಿದ ಪುಶ್. ಅದು ಸಿಪಿಯು ಒಪ್ಪದ ಸೂಚನೆ, ಅದು ಶುರುವಾಗೋದು ಸರಿಯಾಗಿ ವಿಳಾಸ 3ರಲ್ಲಿ. ನಿಮ್ಮ ಹ್ಯಾಂಡ್ಲರ್ ಪಟ್ಟಿಯಿಂದ (ಪ್ರತಿ ಇಂಟರಪ್ಟ್‌ಗೆ ಓಡಬೇಕಾದ ಫಂಕ್ಷನ್‌ಗಳ ವಿಳಾಸ ಇರೋದು) ಸೊನ್ನೆ ಬಂತು, ಅದನ್ನೇ ಕಾಲ್ ಮಾಡಿದಿರಿ. 06ರ ಹ್ಯಾಂಡ್ಲರೂ ಸೊನ್ನೆ, ಮತ್ತೆ ಅಲ್ಲಿಗೇ ಕಾಲ್. ಸ್ಟ್ಯಾಕ್ ಇಳಿದೂ ಇಳಿದೂ ಕೊನೆಗೆ ಕರ್ನಲ್‌ನ ಮೇಲೇ ಬಂದು ಕೂತಿದೆ.

ಆ ಹ್ಯಾಂಡ್ಲರ್ ಪಟ್ಟಿ ಡೇಟಾ ಸೆಕ್ಷನ್‌ನಲ್ಲಿದೆಯಾ? ಕರ್ನಲ್ ಬೈನರಿ ಎಷ್ಟು ಬೈಟ್? ಲೋಡ್ ಮಾಡ್ತಿರೋದು ಯಾರು?

ಹೊಸಬೂಟು:
ಹೌದು, 48 ವಿಳಾಸಗಳನ್ನ ಮೊದಲೇ ತುಂಬಿಸಿಟ್ಟ ಪಟ್ಟಿ, ಲಿಂಕರ್ ಸ್ಕ್ರಿಪ್ಟ್‌ನಲ್ಲಿ (ಬೈನರಿಯಲ್ಲಿ ಯಾವುದು ಎಲ್ಲಿ ಅನ್ನೋ ಕ್ರಮ) ಕೊನೆಗೆ ಬರುತ್ತೆ. ಫ್ಲ್ಯಾಟ್ ಬೈನರಿ, 7,936 ಬೈಟ್. ಬೂಟ್ ಸೆಕ್ಟರ್ (ಡಿಸ್ಕ್‌ನಿಂದ ಕರ್ನಲ್ ತರೋ 512 ಬೈಟ್ ಕೋಡ್) ನಾನೇ ಬರೆದಿದ್ದು. ಮೊದಲ ವಾರದಿಂದ ಅದನ್ನ ಮುಟ್ಟಿಲ್ಲ, ಹಾಗಾಗಿ ಹೇಳಲಿಲ್ಲ. ಬಯೋಸ್‌ನ ಡಿಸ್ಕ್ ಸೇವೆ ಇಂಟ್ 13ರಿಂದ 15 ಸೆಕ್ಟರ್ ಓದುತ್ತೆ.

ಹಳೇಸೀರಿಯಲ್:
ಒಂದು ಸೆಕ್ಟರ್ 512 ಬೈಟ್. 15 ಗುಣಿಸು 512, 7,680. ಬಾಲದ 256 ಬೈಟ್ ಮೆಮೊರಿಗೆ ಬಂದೇ ಇಲ್ಲ. 48 ವಿಳಾಸಕ್ಕೆ ಬೇಕಾಗಿದ್ದು 192 ಬೈಟ್, ಅಷ್ಟೂ ಆ ಬಾಲದಲ್ಲೇ. ಕೀಬೋರ್ಡ್ ಕೋಡ್‌ನದ್ದು ಏನೂ ತಪ್ಪಿಲ್ಲ, ಅದು ಬಂದು ಪಟ್ಟಿಯನ್ನ ಆಚೆಗೆ ತಳ್ಳಿದೆ. ಬೇರೆ ಯಾವ ಫಂಕ್ಷನ್ ಸೇರಿಸಿದ್ದರೂ ಹೀಗೇ ಆಗ್ತಿತ್ತು.

ಗ್ರಬ್‌ದಾರಿ:
ಇದಕ್ಕೇ ಸ್ವಂತ ಬೂಟ್‌ಲೋಡರ್ ಬೇಡ ಅನ್ನೋದು. ಮೊದಲ 8,192 ಬೈಟ್ ಒಳಗೆ ಮಲ್ಟಿಬೂಟ್ ಹೆಡರ್ (ಬೂಟ್‌ಲೋಡರ್ ಗುರುತಿಸೋ ಸಹಿ) ಇಟ್ಟು, ಕ್ಯೂಎಮುಗೆ ನೇರವಾಗಿ "-ಕರ್ನಲ್" ಅಂತ ಎಲ್ಫ್ ಫೈಲ್ ಕೊಡಿ. ಉದ್ದ ಎಷ್ಟು ಅನ್ನೋ ಚಿಂತೆ ಇಲ್ಲ.

ರಿಂಗ್‌ಸೊನ್ನೆ:
512 ಬೈಟ್‌ನಲ್ಲಿ ಯಂತ್ರವನ್ನ ಎಬ್ಬಿಸೋದು ಕೈಯಾರೆ ಮಾಡಿದವರಿಗೇ ಗೊತ್ತು. ಅವರು ಬರೆದಿದ್ದನ್ನ ಅವರೇ ಸರಿಮಾಡಲಿ, ಬಿಡಿ.

ಹೊಸಬೂಟು:
30 ಸೆಕ್ಟರ್ ಮಾಡಿದೆ. ಈಗ ಬೂಟ್ ಸೆಕ್ಟರ್‌ನಲ್ಲೇ "ಡಿಸ್ಕ್ ದೋಷ" ಅಂತ ನಿಲ್ತಿದೆ.

ಹಳೇಸೀರಿಯಲ್:
ಇಮೇಜ್ ಫೈಲ್ ಅಷ್ಟು ಉದ್ದ ಇಲ್ಲ, ಇಲ್ಲದ ಸೆಕ್ಟರ್ ಕೇಳ್ತಿದೀರಿ. ಟ್ರಂಕೇಟ್ ಕಮಾಂಡ್‌ನಿಂದ 1 ಎಂಬಿಗೆ ಹಿಗ್ಗಿಸಿ. ಆಮೇಲೆ ಈ 30ನ್ನೂ ಕೈಯಿಂದ ಬರೀಬೇಡಿ. ಮೇಕ್‌ಫೈಲ್‌ನಲ್ಲಿ ಬೈನರಿ ಗಾತ್ರಕ್ಕೆ 511 ಕೂಡಿಸಿ 512ರಿಂದ ಭಾಗಿಸಿ, ಬಂದ ಸಂಖ್ಯೆಯನ್ನ ಅಸೆಂಬ್ಲರ್ ನಾಸ್ಮ್‌ಗೆ "-ಡಿ" ಮೂಲಕ ಕೊಡಿ. ಹ್ಯಾಂಡ್ಲರ್ ಕಾಲ್ ಮಾಡೋ ಮೊದಲು ವಿಳಾಸ ಸೊನ್ನೆನಾ ಅಂತ ಒಂದು ಪರೀಕ್ಷೆ ಇರಲಿ.

ಹೊಸಬೂಟು:
ಬಂತು!! 'ಕ' ಬರೆಯೋಕೆ ಇನ್ನೂ ಫಾಂಟ್ ಇಲ್ಲ, ಆದ್ರೆ ಒತ್ತಿದ ಪ್ರತಿ ಕೀಯ ಸ್ಕ್ಯಾನ್‌ಕೋಡ್ (ಕೀಬೋರ್ಡ್ ಕಳಿಸೋ ಸಂಖ್ಯೆ) ಸ್ಕ್ರೀನ್ ಮೇಲಿದೆ. 'ಎ' ಕೀ ಒತ್ತಿದಾಗ 1ಇ, ಬಿಟ್ಟಾಗ 9ಇ. ಹಳೇಸೀರಿಯಲ್ ಸರ್, ನಿಮ್ಮ ಉಪಕಾರ ಮರೆಯಲ್ಲ.

ರಿಂಗ್‌ಸೊನ್ನೆ:
ಒಳ್ಳೆಯದಾಯ್ತು. ನಾನಂತೂ ಯಾವಾಗ್ಲೂ "-ಎಸ್ -ಎಸ್" (ಒಂದು ಚಿಕ್ಕಕ್ಷರ, ಒಂದು ದೊಡ್ಡಕ್ಷರ) ಎರಡೂ ಹಾಕಿ, 1234ನೇ ಪೋರ್ಟ್‌ಗೆ ಜಿಡಿಬಿ ಡೀಬಗರ್ ಕಟ್ಟಿ, ಒಂದು ಪರದೆಯಲ್ಲಿ ರಿಜಿಸ್ಟರ್, ಇನ್ನೊಂದರಲ್ಲಿ ಡಿಸ್‌ಅಸೆಂಬ್ಲಿ ಇಟ್ಟುಕೊಂಡೇ ಕೂರೋದು.

ಹಳೇಸೀರಿಯಲ್:
ನನ್ನದು ನಿಜವಾದ ಸೀರಿಯಲ್ ಪೋರ್ಟ್ ಇರೋ ಹಳೆ ಲ್ಯಾಪ್‌ಟಾಪ್. ಆ ಪೋರ್ಟ್‌ನ ವಿಳಾಸ 3ಎಫ್8ಕ್ಕೆ ಬರೆದ ಅಕ್ಷರ ಕೇಬಲ್ ದಾಟಿ ಪಕ್ಕದ ಯಂತ್ರಕ್ಕೆ ಬರುತ್ತೆ, ಸ್ಕ್ರೀನ್ ಸತ್ತರೂ ಲಾಗ್ ಉಳಿಯುತ್ತೆ.

ಹೊಸಬೂಟು:
ಸರ್, ಆ 3ಎಫ್8 ಕ್ಯೂಎಮುನಲ್ಲೂ ಸಿಗುತ್ತಾ?

ಹಳೇಸೀರಿಯಲ್:
ಸಿಗುತ್ತೆ. "-ಸೀರಿಯಲ್ ಸ್ಟಡಿಯೋ" ಕೊಡಿ, ಟರ್ಮಿನಲ್‌ಗೇ ಬರುತ್ತೆ.